ಉಜ್ಮಾ ಚೆಲ್ಲಿದ ನೀರು

ಇದು ಅಲ್ಲಿ ಇಲ್ಲಿ ಕೇಳಿದ್ದಲ್ಲ. ನಮ್ಮ ಖಾಲಾ, ಅಂದ್ರ ಚಿಕ್ಕವ್ವನ ಮಗಳು ಉಜ್ಮಾಗ ಆದದ್ದು. ಹೋದ ವರ್ಷ, ಉಣಕಲ್ಲಾಗ.

ಹುಬ್ಬಳ್ಳ್ಯಾಗ ನೀರು ಪರೀಕ್ಷೆ ಮಾಡೂ ಸಣ್ಣ ಲ್ಯಾಬಿನ್ಯಾಗ ಆಕಿ ಕೆಲಸಕ್ಕಿದ್ಲು. ಆವತ್ತು ಬರೂದು ತಡಾ ಆಗಿತ್ತು. ಮನಿಗೆ ಹೋಗಬೇಕಂದ್ರ ಓಣಿ ಬಾವಿ ದಾಟಬೇಕು. ಕತ್ತಲಿ...

ಕಿರ್ರ್... ಕಿರ್ರ್... ಗಡಗಡಿ ತಿರಗಾಕತ್ತಿತ್ತು. ಆಮ್ಯಾಲ ಕೊಡ ನೀರಿಗೆ ಬಿದ್ದ ಸಪ್ಪಳ. ದುಬುಕ್.

ಆ ಹೊತ್ತಿನ್ಯಾಗ ಗಡಗಡಿಗೆ ಹಗ್ಗನ ಇರೂದಿಲ್ಲ. ಅವರವರ ಹಗ್ಗ ಅವರವರ ಮನಿಗೆ ಒಯ್ತಾರ.

ಅದರ ಹಿಂದ ಮತ್ತೊಂದು ಸಪ್ಪಳ... ಚುಂಯ್. ಅದು ಲ್ಯಾಬಿನ ಸಪ್ಪಳ. ಉಜ್ಮಾ ಅಲ್ಲೇ ನಿಂತ್ಲು.

ನೀರಾಗ ಯಾವ ಕ್ರಿಮಿ ಅದ ಅಂತ ಹಿಡ್ಯಾಕ ಹಿಂಗ ಮಾಡ್ತಾರ. ತಂತಿ ಕೆಂಪಗ ಕಾಯಿಸಿ, ಕ್ರಿಮಿ ಬೆಳಸೂ ಜೆಲ್ಲಿ ತುಂಬಿದ ಪ್ಲೇಟಿನ ಅಂಚಿಗೆ ಮುಟ್ಟಿಸಿ ಆರಸ್ತಾರ. ಚುಂಯ್ ಅಂತದ. ನೀರಾಗ ಅದ್ದಿ ಪ್ಲೇಟಿನ ಮ್ಯಾಲ ಗೀರ್ತಾರ. ಮತ್ತ ಕಾಯಿಸಿ, ಹಿಂದಿನ ಗೀರಿನಿಂದ ಎಳದು ಮತ್ತ ಗೀರ್ತಾರ. ಗೀರಿದಂಗ ಕ್ರಿಮಿ ಕಡಿಮಿ ಆಗಿ, ಕಡೀ ಗೀರಿನ್ಯಾಗ ಒಂದೊಂದ ಬ್ಯಾರೆ ಉಳೀತಾವ. ಮರುದಿನ ಒಂದೊಂದೂ ಚುಕ್ಕಿಯಾಗಿ ಬೆಳೆದಿರ್ತದ.

ಹಿಂದಿನ ತಿಂಗಳ ಓಣಿ ಮುತ್ತವ್ವ ಆಯಿ ಇದೇ ಬಾವಿ ನೀರು ಬಾಟ್ಲಿ ತುಂಬಿ ಕೊಟ್ಟಿದ್ಲು. ಉಜ್ಮಾಗ ಮದುವಿಗೆ ಹೋಗೂ ಅವಸರ. ನೀರು ಚೆಲ್ಲಿ, ದೋಷ ಇಲ್ಲ ಅಂತ ಬರದು ಕೊಟ್ಲು. ಮುತ್ತವ್ವ ತಲಿ ಮ್ಯಾಲ ಕೈ ಇಟ್ಟು, "ನಮ್ಮ ಓಣಿ ಮಗಳು" ಅಂದ್ಲು. ಹದಿನೈದು ದಿನಕ್ಕ ವಾಂತಿ-ಭೇದಿ ಆಗಿ ತೀರಿಕೊಂಡ್ಲು. ಉಜ್ಮಾ ಯಾರ ಮುಂದೂ ಬಾಯಿ ಬಿಡಲಿಲ್ಲ. ಮುತ್ತವ್ವನ ಮಗ ಅಂಬರೀಷಣ್ಣ ಎದುರು ಬಂದ್ರ ತಲಿ ತಗ್ಗಿಸಿ ಹೋಗ್ತಿದ್ಲು.

ಈಗ ಬಾವಿ ಕಟ್ಟಿ ಮ್ಯಾಲ ಯಾರೋ ಬೆನ್ನು ತಿರುವಿ ಕುಂತಿದ್ರು.

"ನನ್ನ ಬಾಟ್ಲಿ ನೋಡಿದೇನವಾ?"

"ನೋಡೀನಿ, ಆಯಿ."

"ಏನಿತ್ತು?"

ಉಜ್ಮಾ ಹೆಗಲಿನ ಚೀಲಾ ನೆಲಕ್ಕ ಇಟ್ಲು.

"ನೋಡಿಲ್ಲ, ಆಯಿ. ಚೆಲ್ಲಿಬಿಟ್ಟೆ."

ಗಡಗಡಿ ನಿಂತು ಬಿಡ್ತು. ಕಟ್ಟಿ ಮ್ಯಾಲ ಯಾರೂ ಇರಲಿಲ್ಲ.

ಆ ರಾತ್ರಿಯಿಂದ ಉಜ್ಮಾ ಅಂಜಿ ನಮ್ಮ ಮನ್ಯಾಗ, ನನ್ನ ಬಾಜೂಕ ಮಲಗಾಕತ್ತಿದ್ಲು. ಮರುದಿನ ಬಾವಿ ನೀರು ಒಯ್ದು, ಸರಿಯಾಗಿ ಕಾಯಿಸಿ ಸರಿಯಾಗಿ ಗೀರಿದ್ಲು. ಅದರ ಮರುದಿನ ಚುಕ್ಕಿ ಬೆಳೆದಿದ್ವು. ಬ್ಯಾನಿ ತರೂ ಕ್ರಿಮಿನ. ಸಾಹೇಬರ ಮುಂದ ಎಲ್ಲಾ ಒಪ್ಪಿಕೊಂಡ್ಲು. ಕೆಲಸ ಹೋತು. ಬಾವಿ ಮುಚ್ಚಿಸಿದ್ರು.

ಸಾಹೇಬರ ಮುಂದ ಒಪ್ಪಿಕೊಂಡ ದಿನಾನ ಸಂಜಿಕ ನನ್ನ ಕೈ ಹಿಡದು, "ಅಂಬರೀಷಣ್ಣನ ಮನಿಗೆ ಜೋಡಿ ಬಾ. ಒಬ್ಬಾಕಿಗೆ ಮಾರಿ ತೋರಸಾಕ ಆಗೂದಿಲ್ಲ" ಅಂದ್ಲು. ಹೋದ್ವಿ. ಹೊಸ್ತಿಲಾಗ ನಿಂತು, ನೆಲಾ ನೋಡಕೋತ, "ಅಣ್ಣಾ, ಆಯಿ ಬಾಟ್ಲಿ..." ಅಂದ್ಲು.

ಅಂಬರೀಷಣ್ಣ ನಡುವ ತಡದ.

"ಮತ್ಯಾಕ ಹೇಳ್ತಿ? ನಿನ್ನೆ ರಾತ್ರಿನ ಬಂದು ಎಲ್ಲಾ ಹೇಳಿದಿಯಲ್ಲ. ಅಳಕೋತ... ಚಹಾ ಕುಡದು ಹೋದಿ."

ಹಿಂದಿನ ರಾತ್ರಿ ಉಜ್ಮಾ ನನ್ನ ಕೈ ಹಿಡಕೊಂಡ ಮಲಗಿದ್ಲು. ಬೆಳತನಕ ಬಿಟ್ಟಿಲ್ಲ. ಖರೇನ ಹೇಳ್ತೇನಿ.

ಆ ಮನಿ ಕಟ್ಟಿ ಮ್ಯಾಲ, ಇನ್ನೂ ತೊಳೀದ ಎರಡು ಚಹಾದ ಕಪ್ಪು ಇದ್ದವು. ನಾನ ನೋಡೀನಿ.