ಕಾಶೆವ್ವ ಈಗ ಬರ್ತಾಳ

...ಮತ್ತ ಯಾಕ ಮಾರಿ ತಿರುವಿದಿ? ನಾ ಏನ ತಪ್ಪ ಅಂದೆ ಯವ್ವಾ? ಉಣ್ಣು ಅಂದೆ, ಅಷ್ಟ! ನಿನ್ನಿ ಮುಂಜಾನಿಂದ ಒಂದ ಹನಿ ನೀರೂ ಕುಡದಿಲ್ಲ ನೀನು. ನುಚ್ಚಿಗೆ ಮಜ್ಜಿಗಿ ಹಾಕಿ ತೆಳ್ಳಗ ಕಲಿಸೇನಿ, ಬಾಯಿ ತಗಿ. ತಗಿಯಬೇ! ಒಲ್ಲ್ಯಾ? ಬಿಡು. ಇಲ್ಲೇ ಇಡ್ತೇನಿ. ಕಾಶೆವ್ವ ಈಗ ಬರ್ತಾಳ, ಆಕಿ ಕೈಲೆ ಉಣ್ಣುವಂತಿ.

ಯಾಕ ನಗ್ತಿ?

ನಗಲಿಲ್ಲ? ತುಟಿ ಅಳ್ಳಾಡಿದ್ವು, ನಾ ನೋಡಿದೆ. ಕಣ್ಣ ಕಾಣದಾಕಿ ನೀನು, ನಾನಲ್ಲ... ಹೇಳೂದಿದ್ರ ಬಾಯಿ ಬಿಟ್ಟು ಹೇಳು. 'ಮಾಂತ್ಯಾ, ಹಿಂಗಾತೋ' ಅನ್ನು. ನಿನ್ನಿಯಿಂದ ಮಾತಿಲ್ಲ, ಕತಿ ಇಲ್ಲ. ಒಬ್ಬಾಕಿ ಹರಕಿ ಹೊತ್ತು ಮೂಕಿ ಆಗ್ಯಾಳ, ಇನ್ನ ನೀನೂ ಸುರು ಹಚ್ಚಿದ್ರ ನಾ ಏನ ಗ್ವಾಡಿ ಕೂಡ ಮಾತಾಡಲ್ಯಾ?

ಹೌದಬೇ, ಹರಕಿನ! ಹುಬ್ಬ ಯಾಕ ಏರಸ್ತಿ? ಎಷ್ಟ ಸಲ ಹೇಳಬೇಕು ನಿನಗ? ಗಂಡ ಕುಡಿಯೂದು ಬಿಡೂತನಕಾ ಬಾಯಿ ತಗಿಯೂದಿಲ್ಲಂತ ಎಲ್ಲವ್ವಗ ಬೇಡ್ಕೊಂಡಾಳ ಕಾಶೆವ್ವ. ಅಂವಾ ಬಿಡೂ ಪೈಕಿ ಅಲ್ಲ, ಹಂಗಾಗಿ ಆಕಿ ಮಾತು ಕೇಳೂ ಆಸೆ ನೀ ಬಿಡು. ಖರೆ, ನಿನ್ನ ನೋಡ್ಕೊಳ್ಳಾಕ ಮೊದಲ ಬಂದಾಗ ಎಷ್ಟ ಮಾತಾಡ್ತಿದ್ಲು! ನಿಮ್ಮಿಬ್ಬರ ಮಾತಿಗೆ ನನಗ ನಿದ್ದಿ ಬರ್ತಿದ್ದಿಲ್ಲ. ಏನ ಮಾಡೂದು... ದೇವರ ಕೆಲಸ.

ತಗೋ, ಕಾಗದ ಮಿಲ್ಲಿನ ಭೋಂಗಾ ಕೂಗ್ತು. ಮುಂಜಾನಿ ಪಾಳಿ, ನಾ ಹೊಂಟೆ. ಪಾಳಿ ಮುಗದ ಮ್ಯಾಲ ಓವರ್‌ಟೈಮ್ ಐತಿ, ಬರೂದು ರಾತ್ರಿ ಆಗ್ತೈತಿ. ದಿನಾ ಆಗೂದ ಅಲ್ಲ? ಸಂಜಿಮುಂದ ಬಾಜೂಮನಿ ಗುರುಬಸವ್ವ ಹಣಿಕಿ ಹಾಕ್ತಾಳ. ಕುಳಗಿ ಕಡಿಂದ ಬಿದಿರು ಬಂದು ಗುಡ್ಡ ಆಗಿ ಬಿದ್ದೈತಿ, ಮಷೀನಿಗೆ ಕೊಡಾಕ ನಾವ ಇಲ್ಲಂದ್ರ... ಅಂಗಿ ಬಿಡು. ಯವ್ವಾ, ಅಂಗಿ ಬಿಡು, ಹೊತ್ತಾತು!

ಬಾಗಲ ಕಡೆ ಯಾಕ ಕಿವಿ ಮಾಡಿದಿ? ಸೈಕಲ್ಲಾ? ಸೈಕಲ್ ರಿಪೇರಿಗೆ ಕೊಟ್ಟೇನಿ. ಹೂಂ, ಗೊತ್ತೈತಿ, ಕೊಟ್ಟು ಬಾಳ ದಿನಾ ಆತು! ಈ ದಾಂಡೇಲ್ಯಾಗ ಒಂದ ಸಾಮಾನ ಸಿಗಬೇಕಂದ್ರ ಹುಬ್ಬಳ್ಳಿಂದ ಬರಬೇಕು. ನೀ ಸುಮ್ನ ರೊಕ್ಕದ ಚಿಂತಿ ಹಚ್ಕೋಬ್ಯಾಡ. ಎಮ್ಮಿ ಮಾರಿ ನನ್ನ ಲಗ್ನಕ್ಕಂತ ನೀ ಇಟ್ಟದ್ದು ಪೋಸ್ಟಿನ್ಯಾಗ ಹಂಗ ಐತಿ. ಮುಟ್ಟಿಲ್ಲ ನಾ. ಕಾಶೆವ್ವಗ ನನ್ನ ಪಗಾರದಾಗ ಕೊಡ್ತೇನಿ.

ಆಕಿ ಏನರ ಸಿಟ್ಟು ಮಾಡಿದ್ಲಾ? ಮೈ ತೊಳಿಯೂಮುಂದ ನೀರು ಸುಟ್ವಾ? ಕೈ ಒರಟಾತಾ? ದುಡಿಯೂ ಕೈ ಯವ್ವಾ, ಒರಟ ಇರ್ತಾವ. ನಿನ್ನಿ ಮಗ್ಗಲ ಹೊಳ್ಳಸೂಮುಂದ ನಿನ್ನ ಸೊಂಟ ಹಿಡದು ನೀ 'ಹಾ' ಅಂದಿ, ಅದಕ್ಕ ನಾ... ಆಕಿ! ಆಕಿ ಗಾಬರಿ ಆದ್ಲಂತ. ನನಗ ಹೆಂಗ ಗೊತ್ತಂದ್ರ... ಆಕಿನ ಹೇಳಿದ್ಲು ನನಗ.

ಕೈಸನ್ನಿ ಮಾಡಿ ಹೇಳಿದ್ಲಬೇ! ಮೂಕರು ಹೇಳೂದಿಲ್ಲೇನ?

ಮತ್ತ ಯಾಕ ಕೈ ಹಿಡದಿ? ಬಿಡು... ಎಡಗೈ ಯಾಕ ಸವರ್ತಿ? ಅಲ್ಲೇನೂ ಇಲ್ಲ. ಏನೂ ಇಲ್ಲ ಅಂದ್ನೆಲ್ಲಾ! ಮತ್ತ ಅಲ್ಲೇ... ನಿನ್ನಿ ಎದ್ದು ಕುಂದರೂಮುಂದ ನೀ ಆಕೀದು ಈ ಕೈನ ಹಿಡ್ಕೊಂಡಿದ್ದಿ...

ಅಯ್ಯ ಶಿವನ.

ಮುತ್ತೈದಿ ಬರಿಗೈಲೆ ಇರೂದಿಲ್ಲ. ಹೌದಲ್ಲ? ಬಲಗೈ ತುಂಬ ಬಳಿ, ಎಡಗೈ ಬರಿದು... ಯಾ ಹೆಣಮಗಳು ಹಂಗ ಇರ್ತಾಳ! ನನಗ ಹೊಳೀಲಿಲ್ಲಬೇ. ಗಂಡಸು ನಾ, ನನಗೇನ ಗೊತ್ತು? ಸಪ್ಪಳ ಬಂದ್ರ ಸಾಕು ಅಂದ್ಕೊಂಡೆ. ಎಲ್ಲಾಕ್ಕಿಂತ ದೊಡ್ಡ ಬಳಿ ಕೇಳಿದ್ರ ಬಳಿಗಾರ ನಕ್ಕೊಂತ 'ಯಾರಿಗಪಾ, ಪೈಲ್ವಾನನ ಹೇಣ್ತಿಗೇನ' ಅಂದ. ಸಾಬಾಣ ಹಚ್ಚಿ ತೂರಿಸಿದೆ. ಎಷ್ಟೋ ಒಡದು ಹೋದ್ವು.

ಹೂಂ... ನಾನ. ನಾನ ಕಾಶೆವ್ವ. ಆತಾ?

ಆಕಿ ಹೋಗಿ ಬಾಳ ದಿನಾ ಆತು. ಪುಕ್ಕಟ ಎಷ್ಟ ದಿನಾ ದುಡೀತಾಳ ಪಾಪ, ಆಕೀಗೂ ಮಕ್ಕಳದಾವ. ಹೋಗೂಮುಂದ ಅತ್ಲು. ಪೋಸ್ಟಿನ್ಯಾಗ ಒಂದ ನಯಾ ಪೈಸಾ ಇಲ್ಲ. ಸೈಕಲ್ಲೂ ಮಾರೇನಿ. ಕುಂತು ಉಂಡ್ರ ಕುಡಿಕಿ ಹೊನ್ನೂ ಸಾಲದು ಅಂತಿದ್ದಿ ನೀನು... ನಾವ ಕುಂತು ಉಣ್ಣಲಿಲ್ಲಬೇ, ಆದ್ರೂ ಸಾಲಲಿಲ್ಲ! ಮುಂಜಾನಿ ಪಾಳೀನೂ ಇಲ್ಲ, ಓವರ್‌ಟೈಮೂ ಇಲ್ಲ. ಕೈಕಾಲ ಹಿಡದು ಸಂಜಿ ಪಾಳಿ ಬೇಡಿ ತಗೊಂಡೇನಿ. ಭೋಂಗಾ ಆದ ಕೂಡ್ಲೆ ಮುಂದಿನ ಬಾಗಲದಿಂದ ಹೋಗ್ತೇನಿ, ಹಿಂದಿನ ಬಾಗಲದಿಂದ ಬರ್ತೇನಿ. ಬಳಿ ಹಾಕ್ಕೊಂಡು, ಹರಕಿ ನೆವಾ ಮಾಡಿ ಬಾಯಿ ಮುಚ್ಕೊಂಡು, ಉಸರ ಬಿಗಿ ಹಿಡದು.

ಮತ್ತೇನ ಮಾಡ್ಬೇಕಿತ್ತು? ಹೇಳು! ಸೊಂಟಾ ಮುರದ ದಿನಾ ನೀನ ಅಂದಿದ್ದಿ, ಮಗನ ಕೈಲೆ ಮೈ ತೊಳಿಸ್ಕೊಳ್ಳೂ ದಿನಾ ಬಂದ್ರ ಅನ್ನ ನೀರು ಬಿಡ್ತೇನಿ ಅಂತ. ನೀ ಅಂದ್ರ ಮಾಡಾಕಿನ, ನನಗ ಗೊತ್ತಿಲ್ಲ? ಈಗ ಬಿಟ್ಟೀಯಲ್ಲ!

ಮಾಂತ್ಯಾ ಬಳಿ ತೊಟ್ಟಾನ ಅಂತ ಮಿಲ್ಲಿನ ಮಂದಿ ಡಂಗುರಾ ಹೊಡೀಲಿ. ನಗಲಿ. ನಿನ್ನ ಉಪಾಸ ಕೊಂದು ನಾ ಯಾರ ಮುಂದ ಮೀಸಿ ತಿರುವ್ಲಿ? ನನಗ ನೀ ಬೇಕಬೇ. ಹಿಂಗ ಬಿದ್ಕೊಂಡರ ಇರು, ಬೈಕೋಂತರ ಇರು... ನಾಚಿಕಿ ನನಗಿಲ್ಲಂತ ತಿಳದೀಯೇನ? ನಾನೂ ದಿನಾ ಕಣ್ಣ ಮುಚ್ಕೊಂಡ ನೀರ ಹಾಕಿದಾಂವ! ಅದಕ್ಕ ನೀರು ಒಮ್ಮೊಮ್ಮೆ ಕಿವ್ಯಾಗ ಹೋದ್ವು.

...ಏನ ಹುಡಕ್ತಿ? ಬಟ್ಟಲಾ? ತಡಿ, ಚೆಲ್ತೈತಿ, ನಾ ಹಿಡಿತೇನಿ. ಸಾವಕಾಶ... ಇನ್ನೊಂದ ಗುಟುಕು. ಹಾಂ. ಹಾಂ, ಹಂಗ.

ನೀರೂ ಕಾದಾವು. ಮೈ ತೊಳಿಯೂಣು? ಏನರ ಅನ್ನಬೇ. ಹೂಂ ಅನ್ನು, ಊಹೂಂ ಅನ್ನು, ಬೇಕಾದ್ರ ಬೈ! ಬ್ಯಾರೆ ಯಾರನರ ಕರೀಲ್ಯಾ? ಗುರುಬಸವ್ವನ್ನ? ಒಂದ ದಿನಾ ಬಂದಾಳು, ನಾಳಿಗೆ?

ಯವ್ವಾ... ಸೆರಗ ಯಾಕ ಮಾರಿ ಮ್ಯಾಲ ಎಳಕೊಂಡಿ? ನಿನಗ ಮೊದಲ ಕಣ್ಣ ಕಾಣೂದಿಲ್ಲ...

ಹಾಂ. ತಿಳೀತು. ತಿಳೀತಬೇ. ಅಂಜಬ್ಯಾಡ, ಕಾಶೆವ್ವ ಬಂದಾಳಂತ ತಿಳಕೋ. ನಾ ಇನ್ನ ಮಾತಾಡೂದಿಲ್ಲ.