ಅರ್ಲೀನಳ ಸೋಫಾ ಮೇಲಿನ ದೋಣಿ

ಚಂಡಮಾರುತ ಹೋಗಿ ಆರು ದಿನವಾದರೂ ಲೂಯಿಸಿಯಾನದ ನಮ್ಮ ಊರಿಗೆ ಕರೆಂಟ್ ಬಂದಿರಲಿಲ್ಲ. ಚರ್ಚಿನ ಮುಂದೆ ಐಸ್ ಹಂಚುವ ಸಾಲಿನಲ್ಲಿ ನನ್ನ ಮುಂದೆ ಸೀಗಡಿ ಹಿಡಿಯುವ ಓವೀಡ್, ಅವನ ಮುಂದೆ ಅವನ ಪಕ್ಕದ ಮನೆಯ ಅರ್ಲೀನ್ ನಿಂತಿದ್ದರು.

“ಅಕ್ಕಾ, ನನ್ನ ದೋಣಿ ಯಾವಾಗ ಕೊಡ್ತೀಯ?”

“ಗುರುವಾರ. ನೆರೆ ನೀರಿನ ವಿಮೆಯವನು ಬಂದು ನೋಡ್ಲಿ. ನೀರು ಮನೆಯೊಳಗೆ ನುಗ್ತು ಅನ್ನೋಕೆ ನನ್ನ ಸೋಫಾ ಮೇಲೆ ಕೂತಿರೋ ನಿನ್ನ ದೋಣಿಗಿಂತ ದೊಡ್ಡ ಸಾಕ್ಷಿ ಬೇಕಾ?”

“ನಾಳೆಯಿಂದ ಸೀಗಡಿ ಸೀಸನ್, ಮಾರಾಯ್ತಿ!”

“ಇರ್ಲಿ. ಗಾಳಿ ವಿಮೆಯವನು ನಿನ್ನೆ ಅದೇ ದೋಣಿ ನೋಡಿ, ‘ಎಲ್ಲಾ ನೀರಿನ ಕೆಲಸ, ಚಾವಣಿಗೆ ನಾವು ಕೊಡಲ್ಲ’ ಅಂದ. ಚಾವಣಿ ದುಡ್ಡು ನಿನ್ನ ದೋಣಿಯಿಂದ ಹೋಯ್ತು. ನೀರಿನ ವಿಮೆಯಿಂದ ಮನೆ ನೆಲದ ದುಡ್ಡಾದ್ರೂ ತರ್ಲಿ.”

“ನಿನ್ನ ಚಾವಣಿ ಆ ದಿನ ನಾಲ್ಕು ಗಂಟೆಗೇ ಗಾಳಿಗೆ ಹಾರಿತ್ತಲ್ಲ! ಆಗಿನ್ನೂ ಸಮುದ್ರದ ನೀರು ರಸ್ತೆಗೂ ಬಂದಿರ್ಲಿಲ್ಲ. ನನ್ನ ಫೋನಲ್ಲಿ ವಿಡಿಯೋ ಇದೆ.”

“ಆರು ದಿನ ಬಾಯಲ್ಲಿ ಏನಿಟ್ಕೊಂಡಿದ್ದೆ?”

“ಫೋನಲ್ಲಿ ಚಾರ್ಜ್ ಇರ್ಲಿಲ್ಲ.”

ಅರ್ಲೀನ್ ಪೂರ್ತಿ ತಿರುಗಿ ನಿಂತಳು. ಸಾಲು ಮುಂದೆ ಹೋದರೂ ನಾವ್ಯಾರೂ ಅವಳನ್ನು ಎಚ್ಚರಿಸಲಿಲ್ಲ.

“ಆ ವಿಡಿಯೋ ನನಗೆ ಕಳಿಸು. ಸೋಫಾ ಮೇಲಿನ ದೋಣಿದೂ ಒಂದು ತೆಗಿ. ಆಮೇಲೆ ಎತ್ಕೊಂಡು ಹೋಗು.”

“ಹೇಗೆ ಎತ್ಲಿ? ಅದು ಬಂದ ದಾರಿಗೆ ಅಡ್ಡ ನಿನ್ನ ಜಗಲಿ ಕುಸಿದು ಕೂತಿದೆ. ಅಡುಗೆಮನೆ ಗೋಡೆ ಒಡೀಬೇಕು.”

ಐಸ್ ಸಿಕ್ಕಿತು. ಅವಳು ತನ್ನ ಚೀಲವನ್ನೂ ಅವನ ಹೆಗಲಿಗೇರಿಸಿ ಹೊರಟಳು.

“ಒಡಿ. ಆದ್ರೆ ನೀನೇ ಕಟ್ಟಿಕೊಡ್ಬೇಕು. ಗಾಳಿಗೊಂದು ವಿಮೆ ಮಾಡ್ಸಿದೀನಿ, ನೀರಿಗೊಂದು ಮಾಡ್ಸಿದೀನಿ. ಓವೀಡ್‌ಗೆ ಅಂತ ಮಾಡ್ಸಿಲ್ಲ ಕಣೋ.”