ಅತ್ತಿ ಅಳಿಸಿದ ಲಗಮವ್ವ

ಮಾನ್ಯ ಅಧ್ಯಕ್ಷರೇ, ಈಗಷ್ಟೇ ನನಗೆ ಶಾಲು ಹೊದಿಸಿದ ಗಣ್ಯರೇ, ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳಿಂದ ಬಂದ ಆಶಾ ಕಾರ್ಯಕರ್ತೆಯರೇ, ರೈತ ಬಂಧುಗಳೇ, ಸಭಿಕರೇ,

ಇಂದು ನಸುಕಿನ ನಾಲ್ಕೂವರೆಗೆ ಕುರಿಗಳ ಕೊರಳ ಗಂಟೆ ನನ್ನನ್ನು ಎಬ್ಬಿಸಿತು. ಎಂಟು ತಿಂಗಳ ಮಗನಿರುವ ತಾಯಿ ಮಲಗುವುದೇ ಎಷ್ಟು? ಆಗಷ್ಟೇ ಕಣ್ಣು ಹತ್ತಿತ್ತು. ಗೋಕಾಕದ ನಮ್ಮ ಮನೆ ಮುಂದಿನ ರಸ್ತೆ ತುಂಬ ಕುರಿ. ಮಗ ಎದ್ದು ಅತ್ತ. ಹಿಂಡಿನವರನ್ನು ಮನಸ್ಸಿನಲ್ಲೇ ಬೈದೆ. ಬೈದದ್ದು ಯಾರನ್ನು ಎಂಬುದು ಮಧ್ಯಾಹ್ನ ತಿಳಿಯಿತು. ಅದನ್ನು ಹೇಳಲಿಕ್ಕೇ ನಿಂತಿದ್ದೇನೆ.

ಅದಕ್ಕೂ ಮೊದಲು, ಈ ಸನ್ಮಾನ ಯಾತಕ್ಕೆ? ನೆಟ್‌ವರ್ಕ್ ಇಲ್ಲದ ಹೊಲದಲ್ಲೂ ಮೊಬೈಲ್ ಆ್ಯಪ್ ನಡೆಯಬೇಕಾದರೆ ಮಾಹಿತಿಯ ಉಗ್ರಾಣ ಫೋನಿನೊಳಗೇ ಇರಬೇಕು. ಅದರಲ್ಲಿ ಇಡಲಿಕ್ಕೆ, ಹುಡುಕಲಿಕ್ಕೆ, ತೆಗೆಯಲಿಕ್ಕೆ ಆ್ಯಪ್ ಬರೆಯುವವರೆಲ್ಲ ನೂರಾರು ಸಾಲು ಬರೆದು ನೂರು ತಪ್ಪು ಮಾಡುತ್ತಾರೆ. ನಾನು ಬರೆದ ಲೈಬ್ರರಿ, ಅಂದರೆ ಯಾರು ಬೇಕಾದರೂ ತಮ್ಮ ಆ್ಯಪ್‌ಗೆ ಜೋಡಿಸಿಕೊಳ್ಳಬಹುದಾದ ಸಿದ್ಧ ಕೋಡ್, ಆ್ಯಪ್‌ಗೂ ಉಗ್ರಾಣಕ್ಕೂ ನಡುವೆ ನಿಲ್ಲುತ್ತದೆ. ಬೇಕಾದ್ದು ಕೇಳಿದರೆ ಸಾಕು, ಅದೇ ತಂದುಕೊಡುತ್ತದೆ. ಇದನ್ನು ನಾನು ಕಲಿತದ್ದು ಕಾಲೇಜಿನಲ್ಲಲ್ಲ. ನಮ್ಮ ಅತ್ತೆ ಸಾವಂತ್ರೆವ್ವ ಕಾಳುಕಡಿಯ ಕೋಣೆಗೆ ಯಾರನ್ನೂ ಬಿಡುವುದಿಲ್ಲ. “ಒಳಗ ಕೈ ಹಾಕಬ್ಯಾಡ್ರಿ. ಏನ ಬೇಕ ಹೇಳ್ರಿ, ನಾ ತಂದ ಕೊಡತೇನಿ.” ಹಾಗಾಗಿ ಲೈಬ್ರರಿಗೆ ನಮ್ಮ ಆಡುಮಾತಿನಂತೆ ‘ಅತ್ತಿ’ ಎಂದೇ ಹೆಸರಿಟ್ಟೆ. ನಗಬೇಡಿ! ಪುಣೆಯ ಇಂಜಿನಿಯರುಗಳೂ ಈಗ ದಿನಾ ಬೆಳಿಗ್ಗೆ ಅತ್ತಿಯನ್ನು ಕರೆಯುತ್ತಾರೆ.

ಆಶಾ ಕಾರ್ಯಕರ್ತೆಯರೇ, ಅದೇ ಅತ್ತಿಯ ಮೇಲೆ ನಿಮ್ಮೆಲ್ಲರ ಕೈಯಲ್ಲಿರುವ ಲಸಿಕೆ ಆ್ಯಪ್ ಕಟ್ಟಿದೆ. ಅದರಲ್ಲಿ ಒಂದು ನಿಯಮ ಬರೆದೆ: ಒಂದೇ ಮನೆಯಿಂದ ಒಂದೇ ಹೆಸರಿನ ಕೂಸು ಎರಡು ಸಲ ಬಂದರೆ, ಹಳೆಯದನ್ನು ಅಳಿಸಿ ಹೊಸದನ್ನು ಇಡು. ಅತ್ತೆಗೆ ಹೆಮ್ಮೆಯಿಂದ ವಿವರಿಸಿದೆ. ಅವರು ಜೋಳ ಕೇರುತ್ತಾ, “ಹಂಗಾದ್ರ ನಿನ್ನ ತವರಮನ್ಯಾಗ ದೊಡ್ಡ ಕಸ್ತೂರಿ ಎಲ್ಲಿ ಉಳೀತಿದ್ಲ?” ಅಂದರು. ನಾನು ನಕ್ಕುಬಿಟ್ಟೆ.

ಸಭಿಕರೇ, ತೀರಿಹೋದ ಅಜ್ಜಿಯ ಹೆಸರನ್ನು ಗಂಡುಮಕ್ಕಳೆಲ್ಲ ತಂತಮ್ಮ ಮಗಳಿಗೆ ಇಡುವುದು ನಮ್ಮ ಕಡೆ ಯಾರಿಗೆ ಹೊಸದು? ನಮ್ಮಲ್ಲೂ ದೊಡ್ಡಪ್ಪನ ಮಗಳು ದೊಡ್ಡ ಕಸ್ತೂರಿ, ನಾನು ಸಣ್ಣ ಕಸ್ತೂರಿ. ಇಬ್ಬರಿಗೂ ಒಂದೇ ತರಗತಿ, ಒಂದೇ ಪಾಟಿಚೀಲ. ಏಳನೆಯದು ಮುಗಿದ ಮೇಲೆ ಮೂಡಲಗಿಗೆ ಒಬ್ಬಳನ್ನೇ ಕಳಿಸುವುದೆಂದಾಯಿತು. “ಇಕಿ ಹೋಗಲಿ, ನನಗ ಗಣಿತ ತಿಳ್ಯೂದಿಲ್ಲ” ಎಂದಳು ಅಕ್ಕ. ನನಗೆ ಗಣಿತ ಹೇಳಿಕೊಟ್ಟವಳೇ ಅವಳು. ಕಾಲೇಜಿನಲ್ಲಿ ನಾನೊಬ್ಬಳೇ ಕಸ್ತೂರಿ. ಹೆಸರಿನ ಮುಂದಿನ ‘ಸಣ್ಣ’ ಯಾವಾಗ ಉದುರಿತೋ... ಇರಲಿ, ಎಲ್ಲಿಗೋ ಹೋದೆ.

ಭಾಷಣದಲ್ಲಿ ಹೊಗಳಿಕೊಳ್ಳಲು ಅಂಕಿ ಬೇಕಲ್ಲ? ಮಧ್ಯಾಹ್ನ ನಾಗನೂರಿನ ನರ್ಸ್ ಅಕ್ಕನವರು ಕೈಯಲ್ಲಿ ಬರೆದಿಟ್ಟ ಹಳೆಯ ವಹಿ ತರಿಸಿ ನೋಡಿದೆ. ವಹಿಯಲ್ಲಿ ನಲವತ್ತೊಂದು ಕೂಸು, ಫೋನಿನಲ್ಲಿ ನಲವತ್ತು. ಕುರಿಗಾರ ಶೆಟ್ಟೆಪ್ಪನವರ ಮನೆಯಲ್ಲಿ ಇಬ್ಬರು ಲಗಮವ್ವಂದಿರು, ಅವರ ಇಬ್ಬರು ಗಂಡುಮಕ್ಕಳಿಗೂ ಒಂದೊಂದು. ಮೊದಲು ಬರೆಸಿದ ಮಗ ಸಿದ್ರಾಯನ ಕೂಸನ್ನು ನನ್ನ ಅತ್ತಿ ಅಳಿಸಿದೆ. ಉಳಿದದ್ದು ಲಸಿಕೆ ಆಗಿದ್ದ ಇನ್ನೊಬ್ಬ ಲಗಮವ್ವ. ಹೋದ ತಿಂಗಳು ಅದರ ತಾಯಿ ದಡಾರದ ಲಸಿಕೆಗೆ ಬಂದಿದ್ದಳಂತೆ.

“ನಮ್ಮ ಕೂಸಿಗೆ ಹಾಕೇ ಇಲ್ರಿ ಅಕ್ಕಾರ.”

“ಫೋನಿನ್ಯಾಗ ಹಾಕೇತಿ ಅಂತ ತೋರಸಾಕತ್ತೈತಿ, ನಡಿಯವಾ.”

ನಡೆದುಬಿಟ್ಟಳು. ತಾಯಿಯ ಮಾತಿಗಿಂತ ನಾನು ಬರೆದ ಸಾಲು ದೊಡ್ಡದಾಯಿತು.

ಶೆಟ್ಟೆಪ್ಪನವರಿಗೆ ಫೋನ್ ಮಾಡಿದೆ. “ಸಿದ್ರಾಯ ಮೊನ್ನೆನ ಹೆಂಡ್ತಿ ಕೂಸು ಕಟಗೊಂಡು ಕುರಿ ಹೊಡಕೊಂಡ ಹ್ವಾದನಲ್ರಿ. ನಸುಕಿನ್ಯಾಗ ಗೋಕಾಕ ದಾಟೇನಿ ಅಂದಾ, ಆಮ್ಯಾಲ ಫೋನ ಬಂದ್ ಐತಿ” ಎಂದರು. ಗೋಕಾಕ, ನಸುಕು, ಕುರಿ. ಆ ಕೂಸು ನನ್ನ ಕಿಟಕಿಯ ಕೆಳಗೇ ಹೋಗಿದೆ. ನಾನು ಬೈಯುತ್ತಿದ್ದೆ.

ಅವರು ಹೊರಟಿರುವುದು ಹುಕ್ಕೇರಿ ಕಡೆಗೆ, ದಡ್ಡಿ ಊರು ದಾಟಿ ರಾಜ್ಯದ ಗಡಿಯಾಚೆ. ಆ ದಾರಿಯ ಎರಡು ಊರುಗಳಲ್ಲಿ ದಡಾರ ಎದ್ದಿದೆ. ತಿರುಗಿ ಬರುವುದು ಆರು ತಿಂಗಳ ಮೇಲೆ.

ದೊಡ್ಡ ಕಸ್ತೂರಿ ಈಗ ದಡ್ಡಿಯಲ್ಲಿದ್ದಾಳೆ. ಎರಡು ವರ್ಷದ ಮೇಲೆ ಇವತ್ತು ಅವಳಿಗೆ ಫೋನ್ ಮಾಡಿದೆ. “ಅಳಬ್ಯಾಡ ಸಣ್ಣಿ. ಹೊಳಿ ದಾರ್ಯಾಗ ನಾ ಕುಂದರತೇನಿ” ಎಂದಳು. ನನ್ನನ್ನು ಸಣ್ಣಿ ಎಂದು ಕರೆಯುವವಳು ಅವಳೊಬ್ಬಳೇ ಉಳಿದಿದ್ದಾಳೆ. ಆದರೆ ದಡ್ಡಿಗೆ ಇರುವುದು ಒಂದೇ ದಾರಿಯಲ್ಲ, ಅಲ್ಲಿಯವರೆಗೆ ಊರು ಎಷ್ಟೋ ಇವೆ.

ರೈತ ಬಂಧುಗಳೇ, ಗೊಬ್ಬರಕ್ಕೆಂದು ನಿಮ್ಮ ಹೊಲದಲ್ಲಿ ಕುರಿ ನಿಲ್ಲಿಸುವವರು ನೀವೇ. ಈ ರಾತ್ರಿ ಆ ಹಿಂಡು ನಿಮ್ಮಲ್ಲೇ ಯಾರದೋ ಹೊಲದಲ್ಲಿ ಕೂತಿದೆ. ಮನೆಗೆ ಹೋದ ಕೂಡಲೇ ಬ್ಯಾಟರಿ ಹಿಡಿದು ಬಾಜೂ ಹೊಲಗಳನ್ನೂ ನೋಡಿ. ಕಂದು ಕುದುರೆ, ಅದರ ಮೇಲೆ ಕೌದಿಯ ಹೇರು, ಹತ್ತು ತಿಂಗಳ ಹೆಣ್ಣು ಕೂಸು. ಹೆಸರು ಕೇಳಿದರೆ ಲಗಮವ್ವ ಎನ್ನುತ್ತಾರೆ. ಸಿದ್ರಾಯನ ಲಗಮವ್ವನೇ ಎಂದು ಇನ್ನೊಮ್ಮೆ ಕೇಳಿ. ನಾನು ಕೇಳದೆ ಬಿಟ್ಟದ್ದು ಅದೊಂದೇ. ನರ್ಸ್ ಅಕ್ಕನವರು ಲಸಿಕೆಯ ಡಬ್ಬಿಗೆ ಬರ್ಫ ತುಂಬಿ ಕೂತಿದ್ದಾರೆ, ಗಾಡಿ ಬಾಗಿಲಲ್ಲಿದೆ.

ಈ ಶಾಲಿಗೆ, ನಿಮ್ಮ ಪ್ರೀತಿಗೆ ನಾನು ಋಣಿ. ನನ್ನ ನಂಬರು ಆಮಂತ್ರಣ ಪತ್ರಿಕೆಯ ಹಿಂಬದಿಯಲ್ಲಿದೆ. ಬೆಳಕು ಹರಿದರೆ ಹಿಂಡು ಏಳುತ್ತದೆ. ಅದಕ್ಕೂ ಮೊದಲು, ದಯವಿಟ್ಟು, ಒಂದು ಫೋನ್ ಮಾಡಿ. ಎಷ್ಟು ಹೊತ್ತಾದರೂ ಮಾಡಿ. ನಿದ್ದೆ ಕೆಡುತ್ತದೆಂದು ಅಂಜಬೇಡಿ, ನಾನು ಎಚ್ಚರವಿರುತ್ತೇನೆ. ನಮಸ್ಕಾರ.